ಕಾಯ್ದೆಗೆ ಕಾಣದ ಸಿಸ್ಟರ್

ಮಿಸೊಪ್ರೊಸ್ಟಾಲ್ ಹೆರಿಗೆ ವಾರ್ಡಿನವರಿಗೆ ಚೆನ್ನಾಗಿ ಪರಿಚಯವಿರುವ ಮಾತ್ರೆ. ಹೆರಿಗೆಯಾದ ಮೇಲೆ ರಕ್ತಸ್ರಾವ ಕೈಮೀರದಿರಲಿ ಎಂದು ಅದನ್ನು ಕೊಡುತ್ತಾರೆ. ಆಸ್ಪತ್ರೆ ದೂರವಿದ್ದು ಮನೆಯಲ್ಲೇ ಹೆರಿಗೆಯಾಗುವ ಕಡೆ ಹಳ್ಳಿಯ ಉಪಕೇಂದ್ರದ ನರ್ಸ್ ಆದ ಎಎನ್‌ಎಂ ಇದನ್ನು ಕೊಡಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯೇ ಹೇಳುತ್ತದೆ. ಪ್ರಮಾಣ 600 ಮೈಕ್ರೋಗ್ರಾಂ, ಅಂದರೆ 200ರ ಮೂರು ಮಾತ್ರೆ. ಅದೇ ಮಾತ್ರೆಯನ್ನು ಅದೇ ಎಎನ್‌ಎಂ, ಏಳು ವಾರದ ಬಸಿರು ತನಗೆ ಬೇಡವೆಂದು ಬಂದ ಹೆಂಗಸಿಗೆ ತಾನಾಗಿ ಕೊಟ್ಟಳೆನ್ನಿ. ಗರ್ಭಪಾತದ ಕಾನೂನಾದ ಎಂಟಿಪಿ ಕಾಯ್ದೆಯ 5ನೇ ಕಲಮಿನ ಪ್ರಕಾರ ಅದು ಅಪರಾಧ. ಶಿಕ್ಷೆ ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಏಳು ವರ್ಷದವರೆಗೆ ಕಠಿಣ ಸಜೆ.

ಎರಡೂ ಸಂದರ್ಭ ಒಂದೇ ಅಲ್ಲವೆಂದು ವಾದಿಸಬಹುದು. ಬಸಿರು ಗರ್ಭಕೋಶದಲ್ಲೇ ನಿಂತಿದೆಯೋ ನಾಳದಲ್ಲಿ ಸಿಕ್ಕಿಕೊಂಡಿದೆಯೋ, ಎಷ್ಟು ವಾರವಾಗಿದೆ, ಮೈಯಲ್ಲಿ ರಕ್ತ ಎಷ್ಟಿದೆ ಎಂದು ನೋಡದೆ ಮಾತ್ರೆ ಕೊಡುವುದು ಅಪಾಯವೇ. ಆದರೆ ಕೊನೆಯ ಮುಟ್ಟಿನ ದಿನ ಕೇಳಿ ವಾರದ ಲೆಕ್ಕ ಹಾಕುವುದು, ಹಿಮೋಗ್ಲೋಬಿನ್ ನೋಡುವುದು, ಹೊಟ್ಟೆಯ ಒಂದು ಮಗ್ಗುಲಲ್ಲಿ ನೋವು ಎಂದ ಕೂಡಲೇ ಸ್ಕ್ಯಾನಿಂಗಿಗೆ ಕಳಿಸುವುದು, ಇವೆಲ್ಲ ಎಎನ್‌ಎಂ ತಾಯಿ ಕಾರ್ಡ್ ಬರೆಯುವಾಗ ದಿನಾ ಮಾಡುವ ಕೆಲಸ. ಬಸಿರು ಉಳಿಸಿಕೊಳ್ಳುವವಳ ವಿಷಯದಲ್ಲಿ ನಾವು ನಂಬಿದ ಕೈಯನ್ನು ಬಸಿರು ಬೇಡವೆನ್ನುವವಳ ವಿಷಯದಲ್ಲಿ ನಂಬುವುದಿಲ್ಲವೆಂದರೆ, ತಕರಾರು ಕೈಯ ನೈಪುಣ್ಯದ್ದಾಗಿರಲಾರದು.

ಗರ್ಭಪಾತದ ಪ್ರಶ್ನೆ ಬಂದಾಗ ವೈದ್ಯರನ್ನು ಮಾತಾಡಿಸುತ್ತೇವೆ, ವಕೀಲರನ್ನು ಮಾತಾಡಿಸುತ್ತೇವೆ, ಧರ್ಮಗುರುಗಳನ್ನೂ ಬಿಡುವುದಿಲ್ಲ. ನರ್ಸನ್ನು ಕೇಳುವವರಿಲ್ಲ. ಈ ಕೆಲಸದ ಬಹುಪಾಲನ್ನೂ ಅದರ ಜೊತೆಗೆ ಬರುವ ಪಾಪಭೀತಿಯನ್ನೂ ಪೊಲೀಸರ ಭಯವನ್ನೂ ಅವಳ ಹೆಗಲಿಗೆ ಹಾಕಿದ್ದೇವೆ, ಅಧಿಕಾರವನ್ನೂ ರಕ್ಷಣೆಯನ್ನೂ ಮಾತ್ರ ಬೇರೆಯವರಿಗೆ ಕೊಟ್ಟಿದ್ದೇವೆ. ಇದರಿಂದ ನರ್ಸಿಗೆ ಅನ್ಯಾಯವಾಗಿದೆ. ಅವಳೆದುರು ನಿಂತ ಹೆಂಗಸಿಗೆ ಅದಕ್ಕಿಂತ ಹೆಚ್ಚು ಅನ್ಯಾಯವಾಗಿದೆ ಎಂಬುದು ನನ್ನ ವಾದ.

ನಮ್ಮ ಕಾಯ್ದೆ ಹುಟ್ಟಿದ್ದೇ ವೈದ್ಯರನ್ನು ಜೈಲಿನಿಂದ ಉಳಿಸಲು. ಬ್ರಿಟಿಷರ ಕಾಲದ ದಂಡ ಸಂಹಿತೆಯ 312ನೇ ಕಲಮು, ತಾಯಿಯ ಜೀವ ಉಳಿಸುವುದಕ್ಕೆ ಹೊರತು ಬೇರೆ ಯಾವ ಕಾರಣಕ್ಕೆ ಗರ್ಭಪಾತ ಮಾಡಿಸಿದರೂ ಅಪರಾಧ ಎನ್ನುತ್ತಿತ್ತು. ತಾನಾಗಿ ತೆಗೆಸಿಕೊಂಡ ಹೆಂಗಸೂ ಅಪರಾಧಿಯೇ. ಈಗಿನ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮು ಅದನ್ನು ಹಾಗೇ ಮುಂದುವರಿಸಿದೆ. ಕದ್ದುಮುಚ್ಚಿ ತೆಗೆಸಿಕೊಂಡು ಸಾಯುತ್ತಿದ್ದವರನ್ನು ಕಂಡ ಸರ್ಕಾರ 1964ರಲ್ಲಿ ಶಾಂತಿಲಾಲ್ ಷಾ ಸಮಿತಿ ನೇಮಿಸಿತು. 1966ರಲ್ಲಿ ವರದಿ ಬಂತು, 1971ರಲ್ಲಿ ಕಾಯ್ದೆಯಾಯಿತು, 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆಗಿನ ಕಾಲಕ್ಕೆ ಅದು ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೆ ಅದರ ಕಟ್ಟೋಣ ಗಮನಿಸಿ: ಹೆಂಗಸಿಗೆ ಹಕ್ಕಿದೆ ಎಂದು ಎಲ್ಲೂ ಹೇಳುವುದಿಲ್ಲ. ಇಂಥಿಂಥ ಸಂದರ್ಭದಲ್ಲಿ, ಸದುದ್ದೇಶದಿಂದ ಅಭಿಪ್ರಾಯಕ್ಕೆ ಬಂದ ನೋಂದಾಯಿತ ವೈದ್ಯರು ಗರ್ಭಪಾತ ಮಾಡಿದರೆ ಅವರು ಅಪರಾಧಿಯಲ್ಲ ಎನ್ನುತ್ತದೆ. 8ನೇ ಕಲಮು ಸದುದ್ದೇಶದ ಕೆಲಸಕ್ಕೆ ವೈದ್ಯರ ಮೇಲೆ ದಾವೆ ಹೂಡುವಂತಿಲ್ಲ ಎಂದು ರಕ್ಷಣೆ ಕೊಡುತ್ತದೆ. ಟ್ರೇ ಹಿಡಿದು ಪಕ್ಕದಲ್ಲೇ ನಿಂತವಳ ಹೆಸರು ಆ ರಕ್ಷಣೆಯಲ್ಲಿ ಇಲ್ಲ. ಹಾಗೆ ನೋಡಿದರೆ ಕಾಯ್ದೆಯ ಯಾವ ಕಲಮಿನಲ್ಲೂ ನರ್ಸ್ ಇಲ್ಲ.

2021ರಲ್ಲಿ ತಿದ್ದುಪಡಿಯಾಯಿತು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ವರ್ಗದ ಹೆಂಗಸರಿಗೆ 24 ವಾರದವರೆಗೆ ಇಬ್ಬರದ್ದು ಬೇಕು, ಅದಕ್ಕೂ ಮೇಲ್ಪಟ್ಟು ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ತೀರ್ಮಾನಿಸಬೇಕು. 'ವಿವಾಹಿತ ಮಹಿಳೆ ಅಥವಾ ಆಕೆಯ ಪತಿ' ಎಂದಿದ್ದದ್ದು 'ಮಹಿಳೆ ಅಥವಾ ಆಕೆಯ ಸಂಗಾತಿ' ಎಂದಾಯಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೂ ಮುಂದೆ ಹೋಗಿ, 24 ವಾರದ ಸೌಲಭ್ಯ ಮದುವೆಯಾಗದವರಿಗೂ ಉಂಟು, ಗಂಡನಿಂದಾದ ಬಲಾತ್ಕಾರವೂ ಈ ಕಾಯ್ದೆಯ ಮಟ್ಟಿಗೆ ಬಲಾತ್ಕಾರವೇ ಎಂದಿತು. ಕೊಡಗಿನವರಾದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಆ ಪೀಠದಲ್ಲಿದ್ದರು. ಕಾನೂನಿನಲ್ಲಿಲ್ಲದ ಷರತ್ತುಗಳನ್ನು ಹೆಂಗಸರ ಮೇಲೆ ಹೇರಬೇಡಿ ಎಂದು ವೈದ್ಯರಿಗೆ ಕೋರ್ಟು ಹೇಳಿದ್ದೂ ಆ ತೀರ್ಪಿನಲ್ಲೇ. ಒಳ್ಳೆಯ ಮಾತು. ಆದರೆ ವೈದ್ಯರ ಕೋಣೆಗೆ ಬರುವ ಮೊದಲೇ ಆ ಷರತ್ತುಗಳನ್ನು ದಾಟಿಯೋ ದಾಟಲಾಗದೆಯೋ ಹೆಂಗಸರು ನಿಂತಿರುತ್ತಾರೆ.

ಹತ್ತಿರದಿಂದ ನೋಡೋಣ. ಎಂಟು ವಾರದ ಬಸಿರನ್ನು ಎಂವಿಎ, ಅಂದರೆ ಕೈಯಲ್ಲೇ ಹೀರುವ ಸಿರಿಂಜಿನಿಂದ ತೆಗೆಯಲು ವೈದ್ಯರಿಗೆ ಹತ್ತು ಹದಿನೈದು ನಿಮಿಷ ಸಾಕು. ಅದಕ್ಕೆ ಮುಂಚೆ ಸಿರಿಂಜು, ಕ್ಯಾನುಲಾ ಸೋಂಕುಮುಕ್ತ ಮಾಡಿ ಜೋಡಿಸಿಡುವುದು, ಒಪ್ಪಿಗೆಯ ಫಾರಂ 'ಸಿ'ಯಲ್ಲಿ ಸಹಿ ಹಾಕಿಸುವುದು, ನಡುಗುವ ಕಾಲುಗಳನ್ನು ಟೇಬಲ್ಲಿನ ಮೇಲೆ ಸರಿಯಾಗಿ ಇರಿಸುವುದು, 'ಉಸಿರು ಬಿಡಮ್ಮ, ಬಿಗಿ ಹಿಡೀಬೇಡ' ಎನ್ನುವುದು ಸಿಸ್ಟರ್. ಆಮೇಲೆ ಬಿಪಿ, ನಾಡಿ, ಪ್ಯಾಡು. ಮನೆಗೆ ಹೊರಡುವಾಗ, ಗಂಟೆಗೆ ಎರಡು ದಪ್ಪ ಪ್ಯಾಡು ತೊಯ್ದು ಎರಡು ಗಂಟೆ ಹಾಗೇ ಮುಂದುವರಿದರೆ ಕಾಯದೆ ಬಾ ಎಂದು ಹೇಳಿ ಕಳಿಸುವುದೂ ಅವಳೇ. ಆ ಒಂದು ವಾಕ್ಯ ಹೇಳಲು ಮರೆತರೆ ಜೀವವೇ ಹೋಗಬಹುದು.

ವಾರ ಹೆಚ್ಚಾದಂತೆ ಈ ಪಾಲು ಇನ್ನೂ ಏರುತ್ತದೆ. ಹದಿನೆಂಟು, ಇಪ್ಪತ್ತು ವಾರದಲ್ಲಿ ಮಾತ್ರೆಯಿಂದ ನೋವು ಬರಿಸುತ್ತಾರೆ. ಅದು ಒಂದು ಪುಟ್ಟ ಹೆರಿಗೆಯೇ. ವೈದ್ಯರು ಬೆಳಗಿನ ರೌಂಡ್ಸಿನಲ್ಲಿ ಆರ್ಡರ್ ಬರೆದು ಹೋಗಿರುತ್ತಾರೆ. ಮೂರು ಗಂಟೆಗೊಮ್ಮೆ ಮಾತ್ರೆ, ನಡುವೆ ಚಳಿ, ಜ್ವರ, ವಾಂತಿ. ಹೊರಬರುವ ಹೊತ್ತು ಸಾಮಾನ್ಯವಾಗಿ ನಡುರಾತ್ರಿಯೋ ನಸುಕೋ ಆಗಿರುತ್ತದೆ. ಕಿಡ್ನಿ ಟ್ರೇ ಹಿಡಿದು ನಿಲ್ಲುವವಳು, ಕಸ ಪೂರ್ತಿ ಬಿತ್ತೇ ಎಂದು ನೋಡುವವಳು, ಬಟ್ಟೆ ಮುಚ್ಚಿ ಒಯ್ಯುವವಳು ಸಿಸ್ಟರ್. ಕೆಲವೊಮ್ಮೆ ಅದೇ ಕೋಣೆಯ ಪರದೆಯ ಆಚೆಗೆ ಇನ್ನೊಬ್ಬಳ ಮಗು ಅಳುತ್ತಿರುತ್ತದೆ. ಮಗು ಬೇಕೆಂದು ಹರಕೆ ಹೊತ್ತು, ಸ್ಕ್ಯಾನಿನಲ್ಲಿ ತಲೆಬುರುಡೆಯೇ ಬೆಳೆದಿಲ್ಲವೆಂದು ಗೊತ್ತಾಗಿ ಬಂದವಳಿಗೂ, ಮೋಸಹೋಗಿ ಬಂದವಳಿಗೂ ಅದೇ ಮಂಚ, ಅದೇ ಸಿಸ್ಟರ್. ಇಬ್ಬರಿಗೂ ಒಂದೇ ಮಾತು ಹೇಳಿದರೆ ನಡೆಯುವುದಿಲ್ಲ ಎಂಬುದನ್ನು ಅವಳು ಅನುಭವದಿಂದ ಕಲಿಯಬೇಕು. ತರಬೇತಿಯಲ್ಲಿ ಅದಕ್ಕೆ ಸಮಯ ಸಿಗುವುದು ಕಡಿಮೆ.

ಈ ಪ್ರಶ್ನೆಯನ್ನು ನರ್ಸುಗಳೇ ಕೋರ್ಟಿಗೆ ಒಯ್ದದ್ದು ಬ್ರಿಟನ್ನಿನಲ್ಲಿ. ಅಲ್ಲಿನ 1967ರ ಗರ್ಭಪಾತ ಕಾಯ್ದೆಯೂ ನಮ್ಮದರ ಹಾಗೆ 'ನೋಂದಾಯಿತ ವೈದ್ಯರು ಮಾಡಿದರೆ' ಎಂದೇ ಹೇಳಿತ್ತು. ಎಪ್ಪತ್ತರ ದಶಕದಲ್ಲಿ ಪ್ರೊಸ್ಟಗ್ಲಾಂಡಿನ್ ಡ್ರಿಪ್ ಪದ್ಧತಿ ಬಂತು. ವೈದ್ಯರು ಕೊಳವೆ ಕೂರಿಸಿ ಹೊರಟುಹೋಗುತ್ತಿದ್ದರು. ಡ್ರಿಪ್ ಏರಿಸುತ್ತ, ಇಳಿಸುತ್ತ, ಹದಿನೆಂಟರಿಂದ ಮೂವತ್ತು ಗಂಟೆ ಕಾಯುತ್ತ ಇರುತ್ತಿದ್ದವರು ನರ್ಸುಗಳು. ಹಾಗಾದರೆ ಗರ್ಭಪಾತ ಮಾಡಿದ್ದು ಯಾರು? ನಾವು ಮಾಡುತ್ತಿರುವುದು ಕಾನೂನುಬದ್ಧವೋ ಅಪರಾಧವೋ ಎಂದು ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಸರ್ಕಾರದ ಆರೋಗ್ಯ ಇಲಾಖೆಯ ಮೇಲೆಯೇ ದಾವೆ ಹೂಡಿತು. ಮೊದಲ ನ್ಯಾಯಾಧೀಶರು ಸರಿ ಎಂದರು. ಮೇಲ್ಮನವಿಯಲ್ಲಿ ಲಾರ್ಡ್ ಡೆನಿಂಗ್ ಸೇರಿ ಮೂವರೂ ತಪ್ಪು ಎಂದರು. ಕೊನೆಗೆ 1981ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮೂವರು ಸರಿ, ಇಬ್ಬರು ತಪ್ಪು ಎಂದು, ವೈದ್ಯರ ಹೊಣೆಯಲ್ಲಿ ನಡೆಯುವ ಚಿಕಿತ್ಸೆಯ ಭಾಗವಾಗಿ ನರ್ಸ್ ಮಾಡುವ ಕೆಲಸ ಕಾನೂನುಬದ್ಧ ಎಂದಾಯಿತು. ಒಟ್ಟು ಲೆಕ್ಕ ಹಾಕಿದರೆ ಒಂಬತ್ತು ನ್ಯಾಯಾಧೀಶರಲ್ಲಿ ಐವರು ನರ್ಸುಗಳ ಕೆಲಸವನ್ನು ಒಪ್ಪಿರಲಿಲ್ಲ. ಆದರೂ ನಿಂತದ್ದು ನಾಲ್ವರ ಮಾತು. ತೀರ್ಪು ಹೇಗೇ ಬಂದಿರಲಿ, ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವ ಧೈರ್ಯ ಮತ್ತು ಕೇಳಲು ಬೇಕಾದ ಸಂಘಟನೆ ಆ ನರ್ಸುಗಳಿಗಿತ್ತು. ನಮ್ಮಲ್ಲಿ ಆ ಹದಿನೆಂಟು ಗಂಟೆ ಯಾರ ಲೆಕ್ಕಕ್ಕೆ ಎಂಬುದನ್ನು ಈ ಐವತ್ತು ವರ್ಷದಲ್ಲಿ ಗಟ್ಟಿಯಾಗಿ ಯಾರೂ ಕೇಳಿಲ್ಲ.

ಕೇಳುವ ಅವಕಾಶ ಒಮ್ಮೆ ಬಂದಿತ್ತು. 2014ರಲ್ಲಿ ಕೇಂದ್ರ ಸರ್ಕಾರ ಸಾರ್ವಜನಿಕ ಅಭಿಪ್ರಾಯಕ್ಕೆಂದು ಬಿಟ್ಟ ತಿದ್ದುಪಡಿ ಕರಡಿನಲ್ಲಿ, ತರಬೇತಿ ಪಡೆದ ನರ್ಸ್, ಎಎನ್‌ಎಂ, ಆಯುಷ್ ವೈದ್ಯರೂ ಆರಂಭದ ವಾರಗಳ ಗರ್ಭಪಾತ ಮಾಡಬಹುದೆಂಬ ಪ್ರಸ್ತಾವ ಇತ್ತು. ಭಾರತೀಯ ವೈದ್ಯಕೀಯ ಸಂಘ ವಿರೋಧಿಸಿತು. ಆಯುಷ್ ವೈದ್ಯರನ್ನೂ ನರ್ಸುಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು ಆ ಕರಡಿನ ಜಾಣತನವಾಗಿರಲಿಲ್ಲ ಎಂದು ನನಗನ್ನಿಸುತ್ತದೆ. ಆಯುಷ್-ಅಲೋಪಥಿ ಜಗಳದಲ್ಲಿ ನರ್ಸಿನ ವಿಷಯ ಕೊಚ್ಚಿಹೋಯಿತು. 2021ರಲ್ಲಿ ಕಾಯ್ದೆಯಾಗಿ ಹೊರಬಂದಾಗ ಆ ಸಾಲುಗಳೇ ಇರಲಿಲ್ಲ.

ನರ್ಸುಗಳ ಕೈಗೆ ಕೊಟ್ಟರೆ ಹೆಂಗಸರ ಪ್ರಾಣಕ್ಕೆ ಅಪಾಯ ಎಂಬ ಮಾತಿಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬಿಹಾರ, ಜಾರ್ಖಂಡಗಳಲ್ಲಿ ತರಬೇತಿ ಪಡೆದ ನರ್ಸುಗಳೂ ವೈದ್ಯರೂ ಮಾಡಿದ ಎಂವಿಎಗಳನ್ನು ಹೋಲಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಸುರಕ್ಷತೆಯಲ್ಲಾಗಲಿ ಫಲಿತಾಂಶದಲ್ಲಾಗಲಿ ನರ್ಸುಗಳು ವೈದ್ಯರಿಗಿಂತ ಹಿಂದೆ ಬಿದ್ದಿರಲಿಲ್ಲ. ನೇಪಾಳ ಗರ್ಭಪಾತವನ್ನು ಕಾನೂನುಬದ್ಧ ಮಾಡಿದ್ದು 2002ರಲ್ಲಿ, ನಮಗಿಂತ ಮೂರು ದಶಕ ತಡವಾಗಿ. ಆದರೂ ಗುಡ್ಡಗಾಡಿನ ಊರುಗಳಿಗೆ ವೈದ್ಯರು ಬರುವವರೆಗೆ ಕಾಯದೆ ನರ್ಸುಗಳಿಗೆ ತರಬೇತಿ ಕೊಟ್ಟಿತು. ದಕ್ಷಿಣ ಆಫ್ರಿಕಾದ 1996ರ ಕಾಯ್ದೆ 12 ವಾರದವರೆಗೆ ಸೂಲಗಿತ್ತಿ-ನರ್ಸುಗಳಿಗೆ ಅವಕಾಶ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಆರಂಭದ ವಾರಗಳಲ್ಲಿ ಮಾತ್ರೆ ಕೊಡುವುದನ್ನೂ ಎಂವಿಎ ಮಾಡುವುದನ್ನೂ ತರಬೇತಾದ ನರ್ಸ್, ಎಎನ್‌ಎಂಗಳಿಗೆ ವಹಿಸಬಹುದು ಎನ್ನುತ್ತದೆ.

ಇನ್ನು ವೈದ್ಯರು ಮಾತ್ರ ಎಂಬ ನಿಯಮ ನಿಜಕ್ಕೂ ಯಾರನ್ನು ಕಾಪಾಡುತ್ತಿದೆ? 2015ರಲ್ಲಿ ಭಾರತದಲ್ಲಿ ಆದ ಗರ್ಭಪಾತಗಳು ಸುಮಾರು 1 ಕೋಟಿ 56 ಲಕ್ಷ ಎಂದು ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬಂದ ಅಂದಾಜು. ಅದರಲ್ಲಿ ಶೇ 22ರಷ್ಟು ಮಾತ್ರ ಆಸ್ಪತ್ರೆ, ಕ್ಲಿನಿಕ್ಕುಗಳಲ್ಲಿ ಆದದ್ದು. ಶೇ 73ರಷ್ಟು ಆಸ್ಪತ್ರೆಯ ಆಚೆ, ಮಾತ್ರೆ ನುಂಗಿ ಆದದ್ದು. ಅಂದರೆ ನಾಲ್ವರಲ್ಲಿ ಸುಮಾರು ಮೂವರು ಹೆಂಗಸರ ವಿಷಯದಲ್ಲಿ ಕಾಯ್ದೆ ಈಗಾಗಲೇ ಬರೀ ಕಾಗದ. ಮಾತ್ರೆ ಕೊಟ್ಟವರು ಯಾರು? ಬಹುಮಟ್ಟಿಗೆ ಮೆಡಿಕಲ್ ಶಾಪಿನ ಕೌಂಟರು. ಗಂಡ ಹೋಗಿ ತಗ್ಗಿದ ದನಿಯಲ್ಲಿ 'ಕಿಟ್' ಕೇಳುತ್ತಾನೆ, ಹುಡುಗ ಕಾಗದದ ಪೊಟ್ಟಣದಲ್ಲಿ ಸುತ್ತಿ ಕೊಡುತ್ತಾನೆ. ಎಷ್ಟು ವಾರ ಎಂದು ಕೇಳಿದನೋ ಇಲ್ಲವೋ, ಮೊದಲ ಮಾತ್ರೆಗೂ ಉಳಿದ ನಾಲ್ಕಕ್ಕೂ ನಡುವೆ ಎಷ್ಟು ಹೊತ್ತು ಬಿಡಬೇಕೆಂದು ಹೇಳಿದನೋ ಇಲ್ಲವೋ. ಆ ಮಾತ್ರೆಗಳೇ ಎಷ್ಟೋ ಜೀವ ಉಳಿಸಿವೆ, ಕಡ್ಡಿ-ಬೇರು ತುರುಕುವ ಕಾಲವನ್ನು ಹಿಂದೆ ಹಾಕಿವೆ ಎಂಬುದನ್ನು ಮರೆಯಬಾರದು. ಆದರೆ ನಮ್ಮ ಮುಂದಿರುವ ಆಯ್ಕೆ ವೈದ್ಯರೋ ನರ್ಸೋ ಎಂಬುದಾಗಿದ್ದರೆ ವೈದ್ಯಕೀಯ ಸಂಘದ ಆತಂಕಕ್ಕೆ ಅರ್ಥವಿರುತ್ತಿತ್ತು. ಹಳ್ಳಿಯ ಹೆಂಗಸಿನ ಮುಂದಿರುವ ಆಯ್ಕೆ ಆ ಕೌಂಟರೋ, ತನ್ನ ಉಪಕೇಂದ್ರದ ಎಎನ್‌ಎಂ ಅಕ್ಕನೋ ಎಂಬುದು. ಇದರಲ್ಲಿ ಎಎನ್‌ಎಂ ಬೇಡ, ಕೌಂಟರೇ ಇರಲಿ ಎಂದು ಕಾನೂನು ತೀರ್ಮಾನಿಸಿ ಕೂತಿದೆ.

ಇಷ್ಟು ಹೇಳಿ ನರ್ಸನ್ನು ದೇವತೆ ಮಾಡಿ ಕೂರಿಸಿದರೆ ಲೇಖನ ಸುಳ್ಳಾಗುತ್ತದೆ. ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದ ಹೆಂಗಸರನ್ನು ಕೇಳಿ ನೋಡಿ. ನೋವಿಗಿಂತ ಸಿಸ್ಟರಿನ ಮಾತೇ ಹೆಚ್ಚು ನೆನಪಿರುತ್ತದೆ. 'ಮೊದಲೇ ಬುದ್ಧಿ ಇರ್ಲಿಲ್ವಾ?' 'ಗಂಡನ್ನ ಕರ್ಕೊಂಡ್ ಬಾ, ಸೈನ್ ಬೇಕು.' ಹದಿನೆಂಟು ದಾಟಿದ ಹೆಂಗಸಿಗೆ ತನ್ನ ಒಪ್ಪಿಗೆಯೊಂದೇ ಸಾಕು ಎಂದು ಕಾಯ್ದೆಯ 3ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆದರೂ ಗಂಡನ ಸಹಿಯಿಲ್ಲದೆ ಕೇಸ್ ಶೀಟು ಮುಂದೆ ಸರಿಯದ ಕಡೆಗಳು ಇವೆ. 'ಎರಡು ಮಕ್ಕಳಿದಾವಲ್ಲ, ಆಪರೇಷನ್ ಮಾಡಿಸ್ಕೋತೀಯಾ? ಇಲ್ಲಾಂದ್ರೆ ಕಾಪರ್-ಟಿ ಆದ್ರೂ ಹಾಕಿಸ್ಕೋ, ಆಮೇಲೆ ನೋಡೋಣ' ಎಂಬ ಚೌಕಾಸಿಯೂ ಹೊಸದಲ್ಲ. ಕುಟುಂಬ ಯೋಜನೆಯ ಗುರಿ ಮುಟ್ಟಿಸುವ ಒತ್ತಡ ಇದ್ದದ್ದು ಯಾರ ಮೇಲೆ ಎಂದು ನೆನಪಿಸಿಕೊಂಡರೆ ಈ ಚೌಕಾಸಿಯ ಮೂಲ ತಿಳಿಯುತ್ತದೆ. ಮದುವೆಯಾಗದವಳು ಬಂದರಂತೂ ಮುಖವೇ ಬೇರೆ.

ಗುಟ್ಟಿನ ವಿಷಯವನ್ನೇ ನೋಡಿ. 2003ರ ನಿಯಮಾವಳಿ ಪ್ರಕಾರ ಗರ್ಭಪಾತಕ್ಕೆ ದಾಖಲಾದವಳ ಹೆಸರು ಇರಬೇಕಾದದ್ದು ಒಂದೇ ಗೋಪ್ಯ ರಿಜಿಸ್ಟರಿನಲ್ಲಿ. ಕೇಸ್ ಶೀಟು, ಥಿಯೇಟರ್ ರಿಜಿಸ್ಟರು ಎಲ್ಲದರಲ್ಲೂ ಕ್ರಮಸಂಖ್ಯೆ ಮಾತ್ರ. 2021ರ ತಿದ್ದುಪಡಿ ಗುಟ್ಟು ಒಡೆದ ವೈದ್ಯರಿಗೆ ಒಂದು ವರ್ಷದವರೆಗೆ ಸಜೆಯನ್ನೂ ಸೇರಿಸಿತು. ಆದರೆ ಒಂದೇ ಹಾಲಿನಂಥ ವಾರ್ಡಿನಲ್ಲಿ, ಸಾಲು ಮಂಚಗಳ ನಡುವೆ, 'ಎಂಟಿಪಿ ಕೇಸ್ ಯಾರಮ್ಮ, ಎದ್ದು ಬಾ' ಎಂದು ಕೂಗಿದ ಮೇಲೆ ಕ್ರಮಸಂಖ್ಯೆ ಇದ್ದೇನು? ಅದೇ ಊರಿನವರು ಯಾರಾದರೂ ಪಕ್ಕದ ಮಂಚದಲ್ಲಿ ಇದ್ದೇ ಇರುತ್ತಾರೆ.

ಸಿಸ್ಟರಿನ ಮಾತು ಎಂದಾಗ ಕನ್ನಡಿಗರಿಗೆ ಬೆಳಗಾವಿಯ ಸವಿತಾ ಹಾಲಪ್ಪನವರ ನೆನಪಾಗದೆ ಇರುವುದಿಲ್ಲ. ದಂತವೈದ್ಯೆ, 31ರ ಹರೆಯ, 17 ವಾರದ ಬಸುರಿ. 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇಯ ಆಸ್ಪತ್ರೆ ಸೇರಿದಾಗ ಗರ್ಭ ಉಳಿಯುವುದಿಲ್ಲ ಎಂಬುದು ವೈದ್ಯರಿಗೆ ಗೊತ್ತಾಗಿತ್ತು. ತೆಗೆದುಬಿಡಿ ಎಂದು ಆಕೆಯೂ ಗಂಡನೂ ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇದೆ, ಕಾನೂನು ಬಿಡುವುದಿಲ್ಲ ಎಂದಾಯಿತು. ನಂಜು ಏರಿ ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು. 2013ರ ಏಪ್ರಿಲಿನಲ್ಲಿ ನಡೆದ ಮರಣ ವಿಚಾರಣೆಯಲ್ಲಿ, ಇದು ಕ್ಯಾಥೊಲಿಕ್ ದೇಶ ಎಂಬರ್ಥದ ಮಾತನ್ನು ತಾನು ಆಡಿದ್ದು ನಿಜ, ನೋಯಿಸಲು ಆಡಿದ್ದಲ್ಲ, ಇಲ್ಲಿ ಯಾಕೆ ಸಾಧ್ಯವಿಲ್ಲ ಎಂದು ವಿವರಿಸಲು ಹೇಳಿದ್ದು ಎಂದು ಅಲ್ಲಿನ ಸೂಲಗಿತ್ತಿ-ನರ್ಸ್ ಒಬ್ಬರು ಒಪ್ಪಿಕೊಂಡರು. ಜಗತ್ತಿನ ಪತ್ರಿಕೆಗಳೆಲ್ಲ ಆ ಮಾತನ್ನೇ ಹಿಡಿದವು. ಅಲ್ಲಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರದ ತನಿಖೆ ಬೇರೆಯದನ್ನೂ ಕಂಡಿತು: ಜೀವ ಉಳಿಸಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದ್ದವು, ಅವುಗಳಲ್ಲಿ ನಾಡಿ, ಜ್ವರದಂಥ ಮೂಲಭೂತ ನಿಗಾ ತಪ್ಪಿದ್ದೂ ಸೇರಿತ್ತು.

ನನಗೆ ಆ ನರ್ಸಿನ ಮೇಲೆ ಸಿಟ್ಟಿಗಿಂತ ಮರುಕ ಹೆಚ್ಚು. ಕಾನೂನನ್ನು ಮಾಡಿದ್ದು ಆಕೆಯಲ್ಲ, ಬೇಡವೆಂದು ತೀರ್ಮಾನಿಸಿದ್ದು ಆಕೆಯಲ್ಲ; ತೀರ್ಮಾನವನ್ನು ಸಾಯುತ್ತಿರುವವಳ ಮುಂದೆ ಸಮಜಾಯಿಷಿಯಾಗಿ ಹೇಳುವ ಕೆಲಸ ಮಾತ್ರ ಆಕೆಯ ಪಾಲಿಗೆ ಬಂತು. ಅಧಿಕಾರವಿಲ್ಲದವರು ನಿಯಮದ ವಕ್ತಾರರಾದಾಗ ಬಾಯಿಗೆ ಬರುವುದು ಇಂಥ ಮಾತೇ. ನಮ್ಮ ವಾರ್ಡುಗಳ 'ಗಂಡನ್ನ ಕರ್ಕೊಂಡ್ ಬಾ' ಕೂಡ ಇದೇ ಜಾತಿಯದು. ತನ್ನನ್ನು ಕಾಪಾಡುವ ಕಲಮು ಯಾವುದೂ ಇಲ್ಲವೆಂದು ಗೊತ್ತಿರುವವಳು ನಾಳೆ ಗಲಾಟೆಯಾದರೆ ತೋರಿಸಲು ಒಂದು ಸಹಿ ಬೇಕೆನ್ನುತ್ತಾಳೆ.

ಆ ಭಯ ಹುಸಿಯಲ್ಲ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲ ಸಿಕ್ಕಿಬಿತ್ತು. ಹೆಣ್ಣೆಂದು ತಿಳಿದವರನ್ನು ಮೈಸೂರಿನ ಆಸ್ಪತ್ರೆಗೆ ಕಳಿಸಿ ಗರ್ಭಪಾತ ಮಾಡಿಸುತ್ತಿದ್ದರು. ವೈದ್ಯರು, ಲ್ಯಾಬ್ ತಂತ್ರಜ್ಞರು, ಆಸ್ಪತ್ರೆಯ ಸಿಬ್ಬಂದಿ ಬಂಧಿತರಾದರು. ಇಂಥ ಸುದ್ದಿ ಬಂದಾಗಲೆಲ್ಲ ಜಿಲ್ಲೆ ಜಿಲ್ಲೆಯ ವಾರ್ಡುಗಳಲ್ಲಿ ಬಾಗಿಲು ಬಿಗಿಯಾಗುತ್ತದೆ. 'ಮೂರು ತಿಂಗಳು ದಾಟಿದ್ದು ನಮಗೆ ಬೇಡ, ಮೇಲಿನ ಆಸ್ಪತ್ರೆಗೆ ಹೋಗಿ' ಎಂಬ ಉತ್ತರ ಸಿದ್ಧವಾಗುತ್ತದೆ. ಲಿಂಗಪತ್ತೆ ತಡೆಯುವ 1994ರ ಕಾಯ್ದೆ ಬೇರೆ, ಗರ್ಭಪಾತದ ಕಾಯ್ದೆ ಬೇರೆ. ಅಪರಾಧ ನಡೆಯುವುದು ಸ್ಕ್ಯಾನಿಂಗ್ ಕೋಣೆಯಲ್ಲಿ. ಆದರೆ ಎರಡನ್ನೂ ಬೇರೆ ಮಾಡಿ ನರ್ಸಿಗೆ ಹೇಳಿಕೊಡುವವರು ಯಾರು? 'ಗರ್ಭಪಾತ ಮಹಾಪಾಪ' ಎಂಬರ್ಥದ ಭಿತ್ತಿಚಿತ್ರಗಳನ್ನು ಹೆಣ್ಣು ಭ್ರೂಣಹತ್ಯೆ ತಡೆಯುವ ಹೆಸರಿನಲ್ಲಿ ಗೋಡೆಗೆ ಹಚ್ಚಿ, ಅದೇ ಗೋಡೆಯ ಕೆಳಗೆ ಕಾನೂನುಬದ್ಧ ಗರ್ಭಪಾತ ಮಾಡು ಎಂದರೆ ಅವಳು ಏನೆಂದುಕೊಳ್ಳಬೇಕು?

ಇಲ್ಲಿಯೇ ನರ್ಸಿಗೆ ಅಧಿಕಾರ ಕೊಟ್ಟರೆ ಹೆಣ್ಣು ಭ್ರೂಣಹತ್ಯೆ ಹೆಚ್ಚುತ್ತದೆ ಎಂಬ ವಾದವೂ ಬರುತ್ತದೆ. ಲೆಕ್ಕ ಉಲ್ಟಾ ಇದೆ. ಒಂಬತ್ತು ವಾರದೊಳಗೆ ಸ್ಕ್ಯಾನಿನಲ್ಲಿ ಲಿಂಗ ತಿಳಿಯುವುದಿಲ್ಲ. ನಾವು ನರ್ಸಿಗೆ ಕೊಡಿ ಎನ್ನುತ್ತಿರುವುದು ಆ ಮೊದಲ ವಾರಗಳನ್ನೇ. ಬೇಡವಾದ ಬಸಿರಿಗೆ ಹತ್ತಿರದಲ್ಲೇ, ಬೇಗ, ಮಾನವಾಗಿ ದಾರಿ ಸಿಕ್ಕಿದರೆ ತಡವಾಗಿ ಬರುವವರ ಸಂಖ್ಯೆ ಇಳಿಯುತ್ತದೆ. ತಡವಾಗಿ ಬಂದವರ ಮೇಲೆ ನಿಗಾ ಇಡುವುದೂ ಆಗ ಸುಲಭ.

ಇನ್ನೂ ಸಿಕ್ಕಾದದ್ದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ. ಹದಿನೇಳರ ಹುಡುಗಿ, ಮನೆಯವರೇ ಮದುವೆ ಮಾಡಿದ್ದಾರೆ, ಈಗ ಎರಡು ತಿಂಗಳು. 2012ರ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ಮೊದಲು ಗೊತ್ತಾಗುವುದು ಎಎನ್‌ಎಂಗೆ, ಆಶಾ ಕಾರ್ಯಕರ್ತೆಗೆ. ತಿಳಿಸಿದರೆ ಊರೇ ತಿರುಗಿಬೀಳುತ್ತದೆ, ನಾಳೆಯಿಂದ ಯಾವ ಮನೆಯೂ ಬಾಗಿಲು ತೆಗೆಯುವುದಿಲ್ಲ; ತಿಳಿಸದಿದ್ದರೆ ಅವಳೇ ಆರೋಪಿ. 2022ರ ತೀರ್ಪು ಇಲ್ಲಿ ಒಂದು ದಾರಿ ತೆರೆಯಿತು: ಹುಡುಗಿಯೂ ಪೋಷಕರೂ ಕೇಳಿಕೊಂಡರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಹುಡುಗಿಯ ಗುರುತು ಹೇಳಬೇಕಿಲ್ಲ. ವೈದ್ಯರು, ಮತ್ತೆ. ಹುಡುಗಿಯ ಮನೆ, ಅತ್ತೆಮನೆ, ಶಾಲೆ ಎಲ್ಲ ಗೊತ್ತಿರುವವಳ ಬಗ್ಗೆ ಅಲ್ಲೂ ಮಾತಿಲ್ಲ.

ಕೊನೆಗೆ ಮನಸ್ಸಾಕ್ಷಿಯ ಪ್ರಶ್ನೆ. ಕರಾವಳಿಯ, ಕೇರಳದ ಕ್ರೈಸ್ತ ಮನೆಗಳಿಂದ ಬಂದ ಸಾವಿರಾರು ಹೆಣ್ಣುಮಕ್ಕಳು ನಮ್ಮ ಆಸ್ಪತ್ರೆಗಳ ಬೆನ್ನೆಲುಬು. ಗರ್ಭಪಾತ ಪಾಪವೆಂದು ಅವರಲ್ಲಿ ಅನೇಕರು ಪ್ರಾಮಾಣಿಕವಾಗಿ ನಂಬುತ್ತಾರೆ. ಹಿಂದೂ, ಮುಸ್ಲಿಂ, ಜೈನ ನರ್ಸುಗಳಲ್ಲೂ ಹಾಗೆ ನಂಬುವವರಿದ್ದಾರೆ. ಹಕ್ಕಿನ ಪರ ಮಾತಾಡುವ ನಾವು ಇವರನ್ನು ಹಿಂದುಳಿದವರೆಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಬ್ರಿಟನ್ನಿನ ಕಾಯ್ದೆಯ 4ನೇ ಕಲಮು ಮನಸ್ಸಾಕ್ಷಿ ಒಪ್ಪದವರಿಗೆ ವಿನಾಯಿತಿ ಕೊಡುತ್ತದೆ, ಪ್ರಾಣಾಪಾಯದ ಹೊತ್ತಿನಲ್ಲಿ ಮಾತ್ರ ಇಲ್ಲ. ಆ ವಿನಾಯಿತಿಯ ಗಡಿ ಎಲ್ಲಿಯವರೆಗೆ ಎಂಬ ಪ್ರಶ್ನೆ 2014ರಲ್ಲಿ ಗ್ಲ್ಯಾಸ್ಗೋದ ಇಬ್ಬರು ಹಿರಿಯ ಕ್ಯಾಥೊಲಿಕ್ ಸೂಲಗಿತ್ತಿ-ನರ್ಸುಗಳ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಬಂತು: ತಾವು ಕೈಯಾರೆ ಮಾಡುವುದಿಲ್ಲ, ಸರಿ, ಮಾಡುವ ಕಿರಿಯರ ಪಾಳಿ ಹಾಕುವುದು, ಉಸ್ತುವಾರಿ ನೋಡುವುದೂ ಬೇಡ ಎನ್ನಬಹುದೇ? ಹಾಗೆನ್ನುವಂತಿಲ್ಲ, ವಿನಾಯಿತಿ ಕೈಯಾರೆ ಭಾಗವಹಿಸುವುದಕ್ಕೆ ಮಾತ್ರ ಎಂದಿತು ಕೋರ್ಟು. 2018ರ ಮೇ 25ರಂದು ಶೇ 66.4ರಷ್ಟು ಮತದಿಂದ ತನ್ನ ಸಂವಿಧಾನದ ನಿಷೇಧವನ್ನು ಕಿತ್ತುಹಾಕಿದ ಐರ್ಲೆಂಡ್, ಅದೇ ವರ್ಷ ಮಾಡಿದ ಕಾಯ್ದೆಯಲ್ಲಿ ವೈದ್ಯರ ಜೊತೆಗೆ ನರ್ಸ್, ಸೂಲಗಿತ್ತಿಯರನ್ನೂ ಹೆಸರಿಸಿ, ಒಲ್ಲೆ ಎನ್ನುವ ಹಕ್ಕು ಕೊಟ್ಟು, ಒಲ್ಲೆ ಎಂದವರು ಆ ಹೆಂಗಸನ್ನು ತಡಮಾಡದೆ ಬೇರೆಯವರಿಗೆ ವಹಿಸಬೇಕೆಂಬ ಕರ್ತವ್ಯವನ್ನೂ ಹೇರಿತು. ಕರ್ನಾಟಕದಲ್ಲಿ ಓದಿ ಡಬ್ಲಿನ್ನಿಗೆ ಹೋದ ನರ್ಸ್ ಅಲ್ಲಿ ಈ ಹಕ್ಕು, ಈ ಕರ್ತವ್ಯ ಎರಡನ್ನೂ ಪಡೆಯುತ್ತಾಳೆ. ಅವಳ ಸಹಪಾಠಿ ಇಲ್ಲೇ ಉಳಿದರೆ ಎರಡೂ ಇಲ್ಲ. ಒಲ್ಲದ ಮನಸ್ಸು ಆಗ ಅಡ್ಡದಾರಿ ಹಿಡಿಯುತ್ತದೆ: ಗಂಟುಮುಖ, ತಡ, ನಾಳೆ ಬಾ, ಡಾಕ್ಟರ್ ಇಲ್ಲ.

ಕಾಯ್ದೆ ತಿದ್ದುವುದು ದೆಹಲಿಯ ಕೆಲಸ, ನಿಜ. ಆದರೆ 1930ರಷ್ಟು ಹಿಂದೆಯೇ ಸರ್ಕಾರದ ಖರ್ಚಿನಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದ ಮೈಸೂರು ಸಂಸ್ಥಾನದ ವಾರಸುದಾರರಿಗೆ ದೆಹಲಿಯ ದಾರಿ ಕಾಯದೆಯೂ ಮಾಡಬಹುದಾದದ್ದು ಬೇಕಾದಷ್ಟಿದೆ. ಎಂಟಿಪಿಗೆ ಬಂದವರಿಗೆ ಹೆರಿಗೆ ಕೋಣೆಯಿಂದ ಬೇರೆಯಾದ ಜಾಗ. ಗಂಡನ ಸಹಿ ಬೇಕಿಲ್ಲ ಎಂದು ಪ್ರತಿ ಆಸ್ಪತ್ರೆಯ ಗೋಡೆಗೆ ಒಂದು ಸುತ್ತೋಲೆ. ಲಿಂಗಪತ್ತೆ ಬೇರೆ, ಎಂಟಿಪಿ ಬೇರೆ ಎಂದು ನರ್ಸಿಂಗ್ ಶಾಲೆಯಲ್ಲೇ ಪಾಠ. ಮೆಡಿಕಲ್ ಶಾಪಿನಿಂದ ಮಾತ್ರೆ ನುಂಗಿ ರಕ್ತ ಸುರಿಸುತ್ತ ಬಂದವಳನ್ನು ಮೊದಲು ಮಲಗಿಸಿ ಡ್ರಿಪ್ ಹಾಕಿ, ಪ್ರಶ್ನೆಗಳನ್ನು ಆಮೇಲೆ ಕೇಳು ಎಂಬ ಲಿಖಿತ ಆದೇಶ, ಹಾಗೆ ಮಾಡಿದ ಸಿಸ್ಟರಿನ ಬೆನ್ನಿಗೆ ಇಲಾಖೆ ನಿಲ್ಲುತ್ತದೆ ಎಂಬ ಒಂದು ಸಾಲಿನ ಸಮೇತ.

ಇದನ್ನೆಲ್ಲ ನರ್ಸುಗಳ ಮುಂದೆ ಇಟ್ಟರೆ ಅವರಿಂದ ಬರುವ ಮೊದಲ ಆಕ್ಷೇಪ ನೀತಿಯದ್ದಾಗಿರುವುದಿಲ್ಲ. 'ಇರೋ ಕೆಲಸವೇ ಮುಗಿಯಲ್ಲ, ಇನ್ನು ಇದನ್ನೂ ನಮ್ಮ ತಲೆಗೇ ಕಟ್ತೀರಾ?' ಎನ್ನುತ್ತಾರೆ. ನ್ಯಾಯವಾದ ಮಾತು. ವೈದ್ಯರ ಕೊರತೆಗೆ ಅಗ್ಗದ ಪರಿಹಾರವೆಂದು ನರ್ಸನ್ನು ಬಳಸಿಕೊಂಡರೆ, ಸಂಬಳ ಅದೇ, ಗುತ್ತಿಗೆ ಅದೇ, ಬೈಗುಳ ಮಾತ್ರ ಹೆಚ್ಚು ಎಂದಾಗುತ್ತದೆ. ಮನಸ್ಸಾಕ್ಷಿಯ ಹಕ್ಕೂ ಹಾಗೆಯೇ. ಒಲ್ಲೆ ಎಂದವಳು ಇನ್ನೊಬ್ಬಳಿಗೆ ವಹಿಸಬೇಕು ಎಂದು ಕಾಯ್ದೆಯಲ್ಲಿ ಬರೆಯುವುದು ಕಷ್ಟವಲ್ಲ. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಆ ಇನ್ನೊಬ್ಬಳು ಇರಬೇಕಲ್ಲ. ಖಾಲಿ ಬಿದ್ದಿರುವ ಹುದ್ದೆ ತುಂಬದೆ ಕೊಡುವ ಹಕ್ಕು ಹೆಂಗಸಿಗೂ ಸಿಗುವುದಿಲ್ಲ, ಸಿಸ್ಟರಿಗೂ ಸಿಗುವುದಿಲ್ಲ. ಆದ್ದರಿಂದ ಮುಂದಿನ ಬಾರಿ ಈ ಕಾಯ್ದೆಯ ತಿದ್ದುಪಡಿ ಸಂಸತ್ತಿಗೆ ಬಂದಾಗ ಕರಡು ಸಮಿತಿಯಲ್ಲಿ ಸ್ತ್ರೀರೋಗ ತಜ್ಞರ ಪಕ್ಕದ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ಒಬ್ಬ ಸಿಸ್ಟರ್ ಕೂತಿರಬೇಕು, ಮತ್ತು ಅವಳ ಮೊದಲ ಬೇಡಿಕೆ ರಾತ್ರಿ ಪಾಳಿಗೆ ಇನ್ನೊಬ್ಬಳನ್ನು ಕೊಡಿ ಎಂಬುದೇ ಆಗಿದ್ದರೆ ಅದನ್ನು ಗರ್ಭಪಾತದ ಹಕ್ಕಿನ ಬೇಡಿಕೆಯೆಂದೇ ಬರೆದುಕೊಳ್ಳಬೇಕು.